ತಡಿ, ಆಗಲೇ ಹೇಳಿದ್ದು ತಪ್ಪು

ಅಪ್ಪ ತೀರಿಕೊಂಡ ಮೇಲೆ ಟ್ರಂಕಿನಲ್ಲಿ 64 ಫೋಟೋಗಳು ಸಿಕ್ಕವು. ಒಂದರ ಹಿಂದೆಯೂ ತಾರೀಖು ಇರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಬಲ್ಲವಳು ಅಮ್ಮ ಒಬ್ಬಳೇ. ಎಲ್ಲವನ್ನೂ ಹರಡಿದರೆ ಅವಳಿಗೆ ಗಲಿಬಿಲಿ. ಎರಡೆರಡೇ ತೋರಿಸಿದರೆ ಥಟ್ಟನೆ ಹೇಳುತ್ತಿದ್ದಳು.

ಅವನ್ನು ಸ್ಕ್ಯಾನ್ ಮಾಡಿ ಸ್ಕೀಮ್ ಭಾಷೆಯಲ್ಲಿ ಒಂದು ಪುಟ್ಟ ಪ್ರೋಗ್ರಾಮ್ ಬರೆದೆ. 1975ರಲ್ಲಿ ಎಂಐಟಿಯಲ್ಲಿ ಸಸ್‌ಮನ್ ಮತ್ತು ಸ್ಟೀಲ್ ರೂಪಿಸಿದ ಭಾಷೆ ಅದು. ಕ್ರಮವಾಗಿ ಜೋಡಿಸುವುದನ್ನು ಸಿ ಭಾಷೆಯ ಕ್ಯೂಸಾರ್ಟ್‌ಗೆ ವಹಿಸಿದೆ. ಅದು ಎರಡು ಫೋಟೋ ಆರಿಸುತ್ತದೆ. ಸ್ಕೀಮ್ ಅವನ್ನು ತೋರಿಸಿ, ಅಮ್ಮನ ಉತ್ತರವನ್ನು ಸಿಗೆ ಒಪ್ಪಿಸುತ್ತದೆ.

ಮೊದಲ ಸಂಜೆಯೇ ಅಮ್ಮ, “ತಡಿ, ಆಗಲೇ ಹೇಳಿದ್ದು ತಪ್ಪು ಕಣೋ. ಆ ಸೀರೆ ನಿಮ್ಮಕ್ಕ ಹುಟ್ಟಿದ ಮೇಲೆ ತಗೊಂಡಿದ್ದು” ಎಂದಳು.

ಇಂಥದ್ದಕ್ಕೆಂದೇ ಸ್ಕೀಮ್‌ನಲ್ಲಿ ಕಂಟಿನ್ಯುಯೇಶನ್ ಇದೆ. ಯಾವುದೇ ಹಂತದಲ್ಲಿ ‘ಇಲ್ಲಿಂದ ಮುಂದೆ ಮಾಡಬೇಕಾದದ್ದು ಇಷ್ಟು’ ಎಂಬುದನ್ನು ಗಂಟು ಕಟ್ಟಿ ಇಟ್ಟುಕೊಳ್ಳಬಹುದು. ಬಿಚ್ಚಿದರೆ ಅದೇ ಹಂತಕ್ಕೆ ಮರಳುತ್ತೇವೆ, ಎಷ್ಟು ಸಲವಾದರೂ. ಪ್ರತಿ ಪ್ರಶ್ನೆಗೂ ಒಂದು ಗಂಟು ಕಟ್ಟಿಟ್ಟಿದ್ದೆ. ಹಿಂದಿನದನ್ನು ಬಿಚ್ಚಿದೆ. ಪ್ರೋಗ್ರಾಮ್ ಕುಸಿಯಿತು.

ಕಾರಣ ತಿಳಿಯುವಷ್ಟರಲ್ಲಿ ನಡುರಾತ್ರಿ. ಗಂಟಿನಲ್ಲಿ ಸ್ಕೀಮ್‌ನ ಪಾಲು ಮಾತ್ರ ಇತ್ತು. ಸಿ ತನ್ನ ಬಾಕಿ ಕೆಲಸವನ್ನು ಸ್ಟ್ಯಾಕಿನಲ್ಲಿ ಇಡುತ್ತದೆ. ಒಂದು ಕರೆ ಮುಗಿದರೆ ಅದೇ ಜಾಗವನ್ನು ಮುಂದಿನ ಕರೆಗೆ ಬಳಸುತ್ತದೆ. ನಾನು ಮರಳಿದಾಗ ಅಲ್ಲಿ ಬೇರೆಯದೇ ಇತ್ತು. ಸ್ಟ್ಯಾಕನ್ನೂ ನಕಲು ಮಾಡಿಡುವ ಸ್ಕೀಮ್‌ಗಳಿವೆ. ಆದರೆ ಉತ್ತರ ಬಂದಂತೆಲ್ಲ ಕ್ಯೂಸಾರ್ಟ್ ಫೋಟೋಗಳ ಜಾಗವನ್ನೇ ಬದಲಿಸುತ್ತಿರುತ್ತದೆ. ಕಂಟಿನ್ಯುಯೇಶನ್ ನಮ್ಮನ್ನು ಹಿಂದಕ್ಕೆ ಕರೆದೊಯ್ಯುತ್ತದೆ, ಕದಲಿದ ಸಾಮಾನನ್ನು ಮೊದಲಿದ್ದಲ್ಲಿ ಇಡುವುದಿಲ್ಲ.

ಕ್ಯೂಸಾರ್ಟ್ ಬಿಟ್ಟೆ. ಹಳೆಯ ಪಟ್ಟಿ ಮುಟ್ಟದೆ ಪ್ರತಿ ಸಲ ಹೊಸ ಪಟ್ಟಿ ಕಟ್ಟುವ ಮರ್ಜ್‌ಸಾರ್ಟನ್ನು ಸ್ಕೀಮ್‌ನಲ್ಲೇ ಬರೆದೆ. ಸಿಗೆ ಫೋಟೋ ತೋರಿಸುವ ಕೆಲಸವಷ್ಟೇ ಉಳಿಯಿತು. ಕರೆದಾಗ ಬಂದು, ತೋರಿಸಿ, ಹೋಗುತ್ತದೆ. ಗಂಟು ಕಟ್ಟುವ ಹೊತ್ತಿಗೆ ನಡುವೆ ಇರುವುದಿಲ್ಲ.

64 ಫೋಟೋಗೆ ಈ ಲೆಕ್ಕದಲ್ಲಿ ಹೆಚ್ಚೆಂದರೆ 321 ಪ್ರಶ್ನೆ. ನಡೆಯುತ್ತಿರುವ ಪ್ರೋಗ್ರಾಮ್ ನಿಂತರೆ ಗಂಟುಗಳೂ ಹೋದಂತೆ. ಹಾಗಾಗಿ ಲ್ಯಾಪ್‌ಟಾಪ್ ಆರಿಸದೆ ನಾಲ್ಕು ಸಂಜೆ ಕೂತೆವು. “ತಡಿ” ಎಂದಾಗಲೆಲ್ಲ ಹಿಂದೆ ಹೋದೆವು. ಕೇಳಿದ್ದನ್ನೇ ಮತ್ತೆ ಕೇಳಬೇಕಾಗುತ್ತಿತ್ತು. ಅಮ್ಮನಿಗೆ ಬೇಸರವಾಗಲಿಲ್ಲ, ಅದೇ ಫೋಟೋಗೆ ಪ್ರತಿ ಸಲ ಇನ್ನೊಂದು ಮಾತು ನೆನಪಾಗುತ್ತಿತ್ತು.

ಕೊನೆಯ ಸಂಜೆ ಎರಡು ಫೋಟೋ ಬಂದವು. ಒಂದರಲ್ಲಿ ಅಪ್ಪ ಸೈಕಲ್ ಹಿಡಿದು ನಿಂತಿದ್ದರು, ಇನ್ನೊಂದರಲ್ಲಿ ಗೆಳೆಯರ ಜೊತೆ ಕೂತಿದ್ದರು.

“ಎರಡೂ ನಾನು ಬರೋಕ್ಕೆ ಮುಂಚಿನವು” ಎಂದಳು ಅಮ್ಮ. “ಅವರನ್ನೇ ಕೇಳಬೇಕಿತ್ತು.”

ಅವೆರಡನ್ನೂ ಅಕ್ಕಪಕ್ಕ ಇಟ್ಟಿದ್ದೇನೆ.