ಹಾಜರಾಗಿ ಎಂದವರು ಯಾರು?

ವ್ಯಾಪಾರಿಯ ಗಂಟಿನಲ್ಲಿ ಬಂದ ಪದಗಳ ಬಗ್ಗೆ ನಾವು ಸಾಕಷ್ಟು ಕೇಳಿದ್ದೇವೆ. ಸೈನಿಕನ ಹೆಗಲೇರಿ ಬಂದ ಪದಗಳ ಬಗ್ಗೆ ಮಾತು ಕಡಿಮೆ. ದಂಡು ಹಾದುಹೋದ ದಾರಿಯಲ್ಲಿ ಬೆಳೆ ಹಾಳಾಗುತ್ತದೆ, ಮನೆ ಸುಡುತ್ತದೆ, ಒಂದಷ್ಟು ಪದಗಳು ಮಾತ್ರ ಉಳಿದುಕೊಳ್ಳುತ್ತವೆ. ಮುಂದಿನ ತಲೆಮಾರು ಅವನ್ನು ತನ್ನವೇ ಎಂದುಕೊಂಡು ಬಳಸುತ್ತದೆ.

‘ರಾಂಡೆವೂ’ ಅಂಥದೊಂದು ಪದ. ಹೋಟೆಲುಗಳ ಬೋರ್ಡಿನಲ್ಲಿ, ಕಾಲೇಜು ಉತ್ಸವಗಳ ಆಮಂತ್ರಣದಲ್ಲಿ, ಪ್ರೇಮಿಗಳ ಗುಟ್ಟಿನ ಭೇಟಿಯ ಕಥೆಗಳಲ್ಲಿ ನಾವು ಅದನ್ನು ಕಂಡಿದ್ದೇವೆ. ಕೇಳಲು ಸೊಗಸಾದ ಫ್ರೆಂಚ್ ಪದ. ಆದರೆ ಮುನ್ನೂರೈವತ್ತು ವರ್ಷಗಳ ಹಿಂದೆ ಸ್ಕಾಟ್ಲೆಂಡಿನ ಒಬ್ಬ ರೈತನ ಕಿವಿಗೆ ಇದೇ ಪದ ಬಿದ್ದಿದ್ದರೆ ಅವನ ಎದೆ ಝಲ್ಲೆನ್ನುತ್ತಿತ್ತು. ಅಲ್ಲಿನ ಸ್ಕಾಟ್ಸ್ ಭಾಷೆಯಲ್ಲಿ ಅದು ಆಯುಧ ಹಿಡಿದು ನಿಗದಿಯಾದ ಬಯಲಿಗೆ ಬಂದು ನಿಲ್ಲಬೇಕೆಂಬ ಸರ್ಕಾರಿ ಕರೆಯಾಗಿತ್ತು.

ಫ್ರೆಂಚಿನಲ್ಲಿ ಇದು ಮೊದಲಿಗೆ ನಾಮಪದವೇ ಅಲ್ಲ, ಒಂದು ಆಜ್ಞೆ. ‘ನಿಮ್ಮನ್ನು ನೀವು ಒಪ್ಪಿಸಿಕೊಳ್ಳಿ, ಬಂದು ಸೇರಿ’ ಎಂದು ಅದರ ಅರ್ಥ. ಕನ್ನಡದಲ್ಲಿ ಒಂದೇ ಮಾತಿನಲ್ಲಿ ಹೇಳುವುದಾದರೆ ‘ಹಾಜರಾಗಿ’. ಆಜ್ಞೆಯ ಮಾತೇ ಕ್ರಮೇಣ ಸೇರುವ ಜಾಗದ ಹೆಸರಾಯಿತು, ಆಮೇಲೆ ಸೇರುವಿಕೆಯ ಹೆಸರಾಯಿತು. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಯುದ್ಧಭೂಮಿಯಲ್ಲಿ ಫ್ರೆಂಚ್ ಸೈನಿಕ ಎದುರಾಳಿಗೆ ‘ಶರಣಾಗಿ’ ಎಂದು ಕೂಗಬೇಕಾದರೂ ಬಳಸುವುದು ಇದೇ ಎರಡು ಪದಗಳನ್ನು. ಹಾಜರಾಗುವುದಕ್ಕೂ ಶರಣಾಗುವುದಕ್ಕೂ ಆ ಭಾಷೆ ಒಂದೇ ಮಾತನ್ನು ಇಟ್ಟುಕೊಂಡಿದೆ. ಈ ಪದದ ಸ್ಕಾಟಿಷ್ ಚರಿತ್ರೆಯನ್ನು ಓದುವಾಗ ಇದು ಬರೀ ಕಾಕತಾಳೀಯವೆಂದು ನಮಗೆ ಅನ್ನಿಸಲಿಲ್ಲ.

ಸ್ಕಾಟರಿಗೆ ಇಂಥ ಕೂಟಕ್ಕೆ ತಮ್ಮದೇ ಪದವೊಂದು ಮೊದಲೇ ಇತ್ತು. ‘ವಾಪಿನ್‌ಷಾ’ ಎಂದರೆ ಆಯುಧಗಳ ಪ್ರದರ್ಶನ. ಅವರವರ ಅಂತಸ್ತಿಗೆ ತಕ್ಕಂತೆ ಯಾರು ಈಟಿ ತರಬೇಕು, ಯಾರು ಬಿಲ್ಲು ತರಬೇಕು, ಯಾರು ಕವಚ ತೊಡಬೇಕು ಎಂಬುದಕ್ಕೆ ಕಾಯ್ದೆ ಇತ್ತು. 1457ರ ಕಾಯ್ದೆಯೊಂದು ವರ್ಷಕ್ಕೆ ನಾಲ್ಕು ಸಲ ವಾಪಿನ್‌ಷಾ ನಡೆಸಬೇಕೆಂದಿತು. ಜನ ಬಿಲ್ವಿದ್ಯೆ ಮರೆತು ಆಟದಲ್ಲಿ ಮುಳುಗಬಾರದೆಂದು ಅದೇ ಕಾಯ್ದೆ ಫುಟ್‌ಬಾಲನ್ನೂ ಗಾಲ್ಫನ್ನೂ ನಿಷೇಧಿಸಿತು. ಗಾಲ್ಫ್ ಆಟದ ಅತಿ ಹಳೆಯ ಲಿಖಿತ ಉಲ್ಲೇಖ ಸಿಗುವುದು ಹೀಗೆ ನಿಷೇಧದ ರೂಪದಲ್ಲಿ.

ಬಿಲ್ವಿದ್ಯೆಯ ಒಂದು ಸ್ಪರ್ಧೆ ‘ಪಪಿಂಗೊ’. ಎತ್ತರದ ಕಂಬದ ತುದಿಯಲ್ಲಿ ಮರದ ಗಿಳಿಯನ್ನಿಟ್ಟು ಬಾಣ ಬಿಡುವುದು. ಕಿಲ್ವಿನ್ನಿಂಗ್ ಎಂಬ ಊರಿನಲ್ಲಿ ಹಳೆಯ ಮಠದ ಗೋಪುರಕ್ಕೆ ಗಿಳಿಯನ್ನು ಸಿಕ್ಕಿಸಿ ಈ ಸ್ಪರ್ಧೆಯನ್ನು ನಮ್ಮ ಕಾಲದಲ್ಲೂ ನಡೆಸುತ್ತ ಬಂದಿದ್ದಾರೆ. ಗಿಳಿಗೆ ಸ್ಕಾಟರು ಇಟ್ಟ ಈ ಹೆಸರು ಫ್ರೆಂಚಿನಿಂದ ಬಂದದ್ದು. ಫ್ರೆಂಚಿಗೆ ಅದು ಅರಬಿಯ ‘ಬಬ್ಬಗಾ’ದಿಂದ ಬಂತೆನ್ನುತ್ತಾರೆ ನಿಘಂಟುಕಾರರು. ಉತ್ತರದ ಚಳಿಯಲ್ಲಿ ಗೋಪುರದ ಮೇಲೆ ಕುಳಿತ ಒಂದು ಮರದ ಹಕ್ಕಿಯ ಹೆಸರು ಎಲ್ಲಿಂದ ಎಲ್ಲಿಗೆ ಹಾರಿಬಂದಿದೆ ನೋಡಿ!

ಫ್ರೆಂಚ್ ಪದಗಳು ಸ್ಕಾಟರ ಬಾಯಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಇಂಗ್ಲೆಂಡನ್ನು ಎದುರಿಸಲು ಎರಡೂ ರಾಜ್ಯಗಳು 1295ರಲ್ಲೇ ಒಪ್ಪಂದ ಮಾಡಿಕೊಂಡಿದ್ದವು. ಫ್ರೆಂಚ್ ರಾಜರ ಮೈಗಾವಲಿಗೆ ಸ್ಕಾಟ್ ಸೈನಿಕರೇ ಇದ್ದರು. ಊಟ ಬಡಿಸುವ ದೊಡ್ಡ ತಟ್ಟೆಗೆ ಸ್ಕಾಟರು ಹೇಳುವ ‘ಆಷೆಟ್’, ಕುರಿಯ ತೊಡೆಮಾಂಸಕ್ಕೆ ಹೇಳುವ ‘ಜಿಗಟ್’, ತಲೆಕೆಡಿಸಿಕೊಳ್ಳುವುದಕ್ಕೆ ಹೇಳುವ ‘ಫ್ಯಾಷ್’ ಎಲ್ಲವೂ ಫ್ರೆಂಚ್ ಮೂಲದವು. ಇವು ಅಡುಗೆಮನೆಯ, ದಿನಬಳಕೆಯ ಪದಗಳು. ರಾಂಡೆವೂ ಮಾತ್ರ ಸೈನಿಕರ ಜೊತೆ ಬಂತು. ಹದಿನೇಳನೇ ಶತಮಾನದ ಮೊದಲರ್ಧದಲ್ಲಿ ಸಾವಿರಾರು ಸ್ಕಾಟರು ಸ್ವೀಡನ್, ಹಾಲೆಂಡ್, ಫ್ರಾನ್ಸ್ ದೇಶಗಳ ಸೈನ್ಯದಲ್ಲಿ ಕೂಲಿಗೆ ಕಾದಾಡುತ್ತಿದ್ದರು. ಯುರೋಪಿನ ದಂಡುಗಳ ಸಾಮಾನ್ಯ ಪದಕೋಶ ಅವರಿಗೆ ಬಾಯಿಪಾಠವಾಗಿತ್ತು. 1638ರಲ್ಲಿ ಸ್ಕಾಟ್ಲೆಂಡ್ ತನ್ನ ಚರ್ಚಿನ ವಿಷಯಕ್ಕಾಗಿ ರಾಜ ಒಂದನೇ ಚಾರ್ಲ್ಸನ ಎದುರು ನಿಂತಾಗ ಈ ಅನುಭವಿಗಳು ಮನೆಗೆ ಮರಳಿದರು. ಸ್ವೀಡನ್ನಿನಲ್ಲಿ ಫೀಲ್ಡ್ ಮಾರ್ಷಲ್ ಆಗಿದ್ದ ಅಲೆಕ್ಸಾಂಡರ್ ಲೆಸ್ಲಿ ಅವರ ಸೇನಾಪತಿಯಾದ.

ಅಲ್ಲಿಂದ ಮುಂದೆ ರಾಂಡೆವೂ ಸ್ಕಾಟಿಷ್ ದಾಖಲೆಗಳಲ್ಲಿ ಹತ್ತಾರು ಕಾಗುಣಿತಗಳಲ್ಲಿ ತುಂಬಿಕೊಳ್ಳುತ್ತದೆ. ಫ್ರೆಂಚರು ನುಂಗಿಬಿಡುವ ಅಕ್ಷರಗಳನ್ನು ಹಳ್ಳಿಯ ಗುಮಾಸ್ತರು ಕಿವಿಗೆ ಕೇಳಿದಂತೆ ಬರೆದರು. ಕರೆ ತಲುಪುತ್ತಿದ್ದುದು ಎರಡು ದಾರಿಯಲ್ಲಿ. ಪೇಟೆಯ ಕಟ್ಟೆಯ ಮೇಲೆ ನಿಂತು ಸಾರುತ್ತಿದ್ದರು, ಭಾನುವಾರದ ಪ್ರಾರ್ಥನೆಯಲ್ಲಿ ಚರ್ಚಿನೊಳಗೆ ಓದಿ ಹೇಳುತ್ತಿದ್ದರು. ಹದಿನಾರರಿಂದ ಅರವತ್ತು ವರ್ಷದ, ಆಯುಧ ಹಿಡಿಯಬಲ್ಲ ಗಂಡಸರೆಲ್ಲ ಇಂಥ ದಿನ ಇಂಥ ಬಯಲಿಗೆ ಬರತಕ್ಕದ್ದು. ಬಾರದವರ ಪಟ್ಟಿ ಬೇರೆ. ಹಾಜರಿ ಪುಸ್ತಕ ಇರುವಲ್ಲಿ ಗೈರುಹಾಜರಿಯ ಶಿಕ್ಷೆಯೂ ಇರುತ್ತದೆ. ಶಾಲೆಯಲ್ಲಿ ಹೆಸರು ಕೂಗಿದಾಗ ‘ಹಾಜರ್ ಸಾರ್’ ಎಂದ ನಮಗೆಲ್ಲ ಇದು ಗೊತ್ತಿರುವುದೇ.

ಪದದ ನಿಜವಾದ ಪರೀಕ್ಷೆ ನಡೆದದ್ದು 1660ರ ನಂತರ. ಎರಡನೇ ಚಾರ್ಲ್ಸ್ ಸಿಂಹಾಸನಕ್ಕೆ ಮರಳಿ ಬಿಷಪ್ಪರ ಆಡಳಿತವನ್ನು ಸ್ಕಾಟರ ಮೇಲೆ ಹೇರಿದ. ಒಪ್ಪದ ಸುಮಾರು 270 ಪಾದ್ರಿಗಳು ತಮ್ಮ ಚರ್ಚುಗಳನ್ನು ಬಿಟ್ಟು ಹೊರಬೀಳಬೇಕಾಯಿತು. ಜನ ಅವರ ಹಿಂದೆಯೇ ಹೊರಟರು. ಮನೆಗಳಲ್ಲಿ, ಕೊಟ್ಟಿಗೆಗಳಲ್ಲಿ, ಕೊನೆಗೆ ಗುಡ್ಡದ ಮರೆಯಲ್ಲಿ ಪ್ರಾರ್ಥನೆ ಶುರುವಾಯಿತು. 1670ರಲ್ಲಿ ಬಂದ ಕಾನೂನು ಬಯಲು ಪ್ರಾರ್ಥನೆ ನಡೆಸುವ ಬೋಧಕನಿಗೆ ಮರಣದಂಡನೆ ವಿಧಿಸಿತು. ಬಯಲು ಎಂದರೆ ಏನು? ಕಾನೂನು ಅದನ್ನೂ ಬಿಡಿಸಿ ಹೇಳಿತು. ಮನೆಯೊಳಗಿನ ಪ್ರಾರ್ಥನೆಗೆ ಜಾಗ ಸಾಲದೆ ಒಂದಷ್ಟು ಜನ ಬಾಗಿಲಾಚೆ ನಿಂತರೆ ಅದೂ ಬಯಲು ಪ್ರಾರ್ಥನೆಯೇ. 1685ರ ಹೊತ್ತಿಗೆ ಬಯಲಿನಲ್ಲಿ ಸುಮ್ಮನೆ ಕೇಳಲು ಹೋದವರಿಗೂ ಮರಣದಂಡನೆ ಬಂತು.

ಈ ಪ್ರಾರ್ಥನಾ ಕೂಟಗಳನ್ನು ಸರ್ಕಾರದ ಘೋಷಣೆಗಳು ಏನೆಂದು ಕರೆದವು ಗೊತ್ತೆ? ದಂಗೆಯ ರಾಂಡೆವೂಗಳು ಎಂದು. ಸರ್ಕಾರ ತನ್ನ ಪಡೆಯನ್ನು ಕರೆಯಲು ಬಳಸುತ್ತಿದ್ದ ಪದವನ್ನೇ ಪ್ರಜೆಗಳ ಪ್ರಾರ್ಥನೆಗೆ ಅಂಟಿಸಲಾಯಿತು. 1678ರ ಜನವರಿಯಲ್ಲಿ ಸ್ಟರ್ಲಿಂಗ್ ಊರಲ್ಲಿ ಸರ್ಕಾರವೇ ಒಂದು ದೊಡ್ಡ ರಾಂಡೆವೂ ನಡೆಸಿ ಸುಮಾರು ಎಂಟು ಸಾವಿರ ಜನರ ದಂಡು ಕಟ್ಟಿತು. ಅದರಲ್ಲಿ ಹೆಚ್ಚಿನವರು ಉತ್ತರದ ಗುಡ್ಡಗಾಡಿನವರು. ಆ ದಂಡನ್ನು ಪಶ್ಚಿಮದ ಜಿಲ್ಲೆಗಳ ರೈತರ ಮನೆಗಳಲ್ಲಿ ಬಿಡಾರ ಹೂಡಿಸಲಾಯಿತು. ಉಣ್ಣಿಸುವ ಭಾರ ಮನೆಯವರದು. ಹೋಗುವಾಗ ಕೈಗೆ ಸಿಕ್ಕಿದ್ದನ್ನು ದೋಚಿಕೊಂಡು ಹೋದದ್ದು ದಂಡಿನವರ ಲಾಭ. ಇದು ಕಾನೂನುಬದ್ಧ ಕೂಟ. ಬಾಗಿಲಾಚೆ ನಿಂತು ಪ್ರಾರ್ಥಿಸಿದವರದು ದಂಗೆ.

ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಕಿರುಕುಳ ಹೆಚ್ಚಿದಂತೆ ಗುಡ್ಡದ ಪ್ರಾರ್ಥನೆಗೆ ಬರುವವರು ಕತ್ತಿ, ಬಂದೂಕು ತರತೊಡಗಿದರು. 1679ರ ಜೂನ್ 1ರಂದು ಡ್ರಮ್‌ಕ್ಲಾಗ್ ಎಂಬಲ್ಲಿ ಅಂಥದೊಂದು ಕೂಟವನ್ನು ಚದುರಿಸಲು ಬಂದ ಜಾನ್ ಗ್ರಹಾಂ ಎಂಬ ಸೇನಾಧಿಕಾರಿಯ ಪಡೆ ಸೋತು ಓಡಿತು. ಮೂರು ವಾರಗಳ ನಂತರ ಬಾತ್‌ವೆಲ್ ಸೇತುವೆಯ ಬಳಿ ಸರ್ಕಾರಿ ಸೈನ್ಯ ಬಂಡಾಯಗಾರರನ್ನು ಸೋಲಿಸಿತು. ಆಮೇಲೆ ಸೈನ್ಯದ ಕರೆಗೆ ಹಾಜರಾಗದ ಜಮೀನುದಾರರ ಮೇಲೂ ಮೊಕದ್ದಮೆ ಹೂಡಲಾಯಿತು. ಬಂಡಾಯಕ್ಕೆ ಹೋಗದಿದ್ದರೆ ಸಾಲದು, ಬಂಡಾಯವನ್ನು ಹತ್ತಿಕ್ಕಲು ಬರಬೇಕಿತ್ತು. ಮನೆಯಲ್ಲಿ ಕೂತದ್ದೂ ಅಪರಾಧವೇ. ವಾಲ್ಟರ್ ಸ್ಕಾಟನ ‘ಓಲ್ಡ್ ಮಾರ್ಟಾಲಿಟಿ’ (1816) ಕಾದಂಬರಿ ಇದೇ ವರ್ಷದ ಒಂದು ವಾಪಿನ್‌ಷಾ ಕೂಟದಿಂದ ಆರಂಭವಾಗುತ್ತದೆ.

ಹತ್ತು ವರ್ಷ ಕಳೆದವು. ರಾಜ ಬದಲಾದ. 1689ರ ಮೇ 14ರಂದು ಡಗ್ಲಾಸ್ ಎಂಬ ಊರಿನಲ್ಲಿ, ಹಿಂದೆ ದಂಗೆಕೋರರೆನಿಸಿಕೊಂಡಿದ್ದ ಗುಡ್ಡದ ಪ್ರಾರ್ಥನೆಯ ಜನರೇ ಸೇರಿ ಹೊಸ ಸರ್ಕಾರದ ಪರವಾಗಿ ಒಂದು ರೆಜಿಮೆಂಟ್ ಕಟ್ಟಿದರು. ಅದರ ನಾಯಕ ವಿಲಿಯಂ ಕ್ಲೆಲೆಂಡ್ ಡ್ರಮ್‌ಕ್ಲಾಗ್‌ನಲ್ಲಿ ಹೋರಾಡಿದ್ದವನು. ನಾಲ್ಕೇ ದಿನದ ನಂತರ, ಮೇ 18ಕ್ಕೆ, ಲೊಕೇಬರ್ ಬೆಟ್ಟಸೀಮೆಯಲ್ಲಿ ಇನ್ನೊಂದು ರಾಂಡೆವೂ ನಡೆಯಿತು. ಪದಚ್ಯುತ ರಾಜನ ಪರವಾಗಿ ಗುಡ್ಡಗಾಡಿನ ಕುಲಗಳನ್ನು ಅಲ್ಲಿಗೆ ಕರೆದವನು ಯಾರು? ಡ್ರಮ್‌ಕ್ಲಾಗ್‌ನಲ್ಲಿ ಪ್ರಾರ್ಥನೆ ಚದುರಿಸಲು ಹೋಗಿದ್ದ ಅದೇ ಜಾನ್ ಗ್ರಹಾಂ. ಈಗ ಅವನದು ದಂಗೆಯ ಕೂಟ, ಅವರದು ಸರ್ಕಾರದ ಕೂಟ. ಜನ ಅವರೇ, ಬೆಟ್ಟಗಳು ಅವೇ, ಪದವೂ ಅದೇ. ಅಧಿಕಾರದ ಕುರ್ಚಿ ಮಾತ್ರ ಆಚೀಚೆಯಾಗಿತ್ತು. ಆ ವರ್ಷ ಮುಗಿಯುವ ಮುನ್ನ ಗ್ರಹಾಂ ಕಿಲ್ಲಿಕ್ರಾಂಕಿಯಲ್ಲಿ ಸತ್ತ, ಕ್ಲೆಲೆಂಡ್ ಡಂಕೆಲ್ಡ್‌ನಲ್ಲಿ ಸತ್ತ.

ಡಗ್ಲಾಸ್‌ನಲ್ಲಿ ಹುಟ್ಟಿದ ಆ ಕ್ಯಾಮರೋನಿಯನ್ ರೆಜಿಮೆಂಟ್ ಒಂದು ಪದ್ಧತಿಯನ್ನು ಬಿಡಲಿಲ್ಲ. ಬಯಲಿನಲ್ಲಿ ಪ್ರಾರ್ಥನೆ ನಡೆಯುವಾಗ ಸುತ್ತ ಕಾವಲು ನಿಲ್ಲಿಸುತ್ತಿದ್ದರು. ಕಾವಲಿನವನು ಬಂದು ಸುತ್ತಮುತ್ತ ಶತ್ರುಗಳಿಲ್ಲ ಎಂದ ಮೇಲೆಯೇ ಪ್ರಾರ್ಥನೆ ಶುರು. 1968ರ ಮೇ 14ರಂದು, ಹುಟ್ಟಿದ ಊರಿನಲ್ಲೇ, ಆ ದಳವನ್ನು ವಿಸರ್ಜಿಸುವ ದಿನವೂ ಹೀಗೆಯೇ ನಡೆಯಿತು. ಪ್ರಾರ್ಥನೆ ಅಪರಾಧವಾಗಿದ್ದ ಕಾಲದ ನೆನಪನ್ನು ಅವರು ಇನ್ನೂರೆಪ್ಪತ್ತೊಂಬತ್ತು ವರ್ಷ ಕಾಪಾಡಿಕೊಂಡಿದ್ದರು.

ಮುಂದಿನ ಶತಮಾನದಲ್ಲಿ ಪದಕ್ಕೆ ಇನ್ನೊಂದು ಕರಾಳ ಅರ್ಥ ಬಂತು. ಬ್ರಿಟಿಷ್ ನೌಕಾಪಡೆ ಬಂದರುಗಳಲ್ಲಿ ನಾವಿಕರನ್ನು ಬಲವಂತವಾಗಿ ಹಿಡಿದು ಹಡಗಿಗೆ ತುಂಬುತ್ತಿತ್ತು. ಆ ತಂಡಗಳು ಬೀಡುಬಿಟ್ಟಿದ್ದ ಮನೆಯನ್ನೂ ರಾಂಡೆವೂ ಎಂದೇ ಕರೆದರು. ‘ಹಾಜರಾಗಿ’ ಎಂದು ಹೇಳುವ ಕಷ್ಟವನ್ನೂ ಅಲ್ಲಿ ತೆಗೆದುಕೊಳ್ಳುತ್ತಿರಲಿಲ್ಲ.

ಅದೇ ಶತಮಾನದಲ್ಲಿ ಸ್ಕಾಟ್ ಸೈನಿಕರೂ ಫ್ರೆಂಚ್ ಸೈನಿಕರೂ ನಮ್ಮ ಶ್ರೀರಂಗಪಟ್ಟಣದವರೆಗೆ ಬಂದರು. ಸ್ಕಾಟರು ಕಂಪನಿಯ ಕಡೆ, ಫ್ರೆಂಚರು ಹೈದರ್, ಟಿಪ್ಪು ಕಡೆ. 1780ರಲ್ಲಿ ಪೊಳ್ಳಿಲೂರಿನಲ್ಲಿ ಸೆರೆಸಿಕ್ಕು ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷ ಬಂಧಿಯಾಗಿದ್ದ ಸ್ಕಾಟ್ ಅಧಿಕಾರಿ ಡೇವಿಡ್ ಬೇರ್ಡ್, 1799ರಲ್ಲಿ ಅದೇ ಕೋಟೆಗೆ ಲಗ್ಗೆ ಹಾಕಿದ ಪಡೆಯ ನಾಯಕ. ಟಿಪ್ಪು ತನ್ನ ದಂಡಿನ ಕವಾಯತಿನಲ್ಲಿ ಯುರೋಪಿನ ಆಜ್ಞೆಗಳ ಬದಲು ಫಾರ್ಸಿ ಆಜ್ಞೆಗಳನ್ನು ಜಾರಿಗೆ ತಂದ. ಆದ್ದರಿಂದಲೋ ಏನೋ ರಾಂಡೆವೂ ಅಂದು ನಮ್ಮ ನಾಲಿಗೆಗೆ ಹತ್ತಲಿಲ್ಲ. ನಮ್ಮಲ್ಲಿ ಉಳಿದದ್ದು ಅರಬಿ, ಫಾರ್ಸಿಯಿಂದ ಬಂದ ಫೌಜು, ಕವಾಯತು, ಹವಾಲ್ದಾರ, ಜಮಾಯಿಸು, ಹಾಜರು. ಇವುಗಳಲ್ಲಿ ಎಷ್ಟೋ ಪದಗಳು ರಾಂಡೆವೂ ಹಾಗೆಯೇ ದಂಡಿನ ಸಮವಸ್ತ್ರ ಕಳಚಿಟ್ಟು ಸಂಸಾರಸ್ಥರಾಗಿವೆ. ಮದುವೆಮನೆಯಲ್ಲಿ ಜನ ಜಮಾಯಿಸುತ್ತಾರೆ, ಕಾಫಿ ಬೇಕೆನ್ನುವಷ್ಟರಲ್ಲಿ ಹಾಜರಾಗುತ್ತದೆ. ಇವನ್ನು ಪರಕೀಯವೆಂದು ಹೊರಗಟ್ಟಬೇಕೆನ್ನುವವರು ಆ ಕೆಲಸಕ್ಕೆ ಎಲ್ಲಿ ಜಮಾಯಿಸುತ್ತಾರೋ ನಾವು ಕಾಣೆವು.

ಈಗ ರಾಂಡೆವೂ ಆಕಾಶಕ್ಕೂ ಏರಿದೆ. ಬಾಹ್ಯಾಕಾಶದಲ್ಲಿ ಎರಡು ನೌಕೆಗಳು ಪರಸ್ಪರ ಹುಡುಕಿಕೊಂಡು ಸಮೀಪಿಸುವುದಕ್ಕೆ ವಿಜ್ಞಾನಿಗಳು ಬಳಸುವುದು ಇದೇ ಪದ. 2025ರ ಜನವರಿ 16ರಂದು ಇಸ್ರೋದ ಸ್ಪೇಡೆಕ್ಸ್ ಯೋಜನೆಯ ಎರಡು ಉಪಗ್ರಹಗಳು ಹೀಗೆ ಹತ್ತಿರವಾಗಿ ಒಂದಕ್ಕೊಂದು ಬೆಸೆದುಕೊಂಡವು. ಬಲವಂತದ ಕರೆಯಾಗಿದ್ದ ಮಾತಿಗೆ ಇಷ್ಟು ನಯವಾದ ಅರ್ಥ ಬಂದದ್ದು ನಮಗೆ ಖುಷಿ ಕೊಡುತ್ತದೆ.

ಆದರೂ ಪದದ ಹಳೆಯ ಪ್ರಶ್ನೆ ಹಾಗೆಯೇ ಇದೆ. ನಾಲ್ಕು ಜನ ಒಂದೆಡೆ ಸೇರಿದರೆ ಅದು ಸಭೆಯೋ, ಪ್ರಾರ್ಥನೆಯೋ, ದಂಗೆಯೋ? ಹೆಸರಿಡುವವನು ಸಾಮಾನ್ಯವಾಗಿ ಅಲ್ಲಿ ಸೇರಿದವನಲ್ಲ, ದೂರದಲ್ಲಿ ಕುಳಿತು ಪಟ್ಟಿ ಬರೆಯುವವನು. ಯಾವುದೇ ದೇಶದ, ಯಾವುದೇ ಕಾಲದ ಕೂಟದ ಸುದ್ದಿ ಓದುವಾಗ ಆ ಹೆಸರು ಇಟ್ಟವರಾರು ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಬಾಗಿಲಾಚೆ ನಿಂತು ಪ್ರಾರ್ಥಿಸಿದ ಆ ಸ್ಕಾಟಿಷ್ ರೈತನಿಗೆ ನಾವು ಕೊಡಬಹುದಾದ ಗೌರವ ಅಷ್ಟೇ.