ಫೋಕಸ್ ಅಂದ್ರೆ ಒಲೆ



ಆಫೀಸಿನ ಮೀಟಿಂಗಿನಲ್ಲಿ ದಿನಾ ಕೇಳುವ ಪದ 'ಫೋಕಸ್'. "ಈ ವರ್ಷ ಎಸ್ಸಿ ಕಾಲೋನಿಗಳ ಮೇಲೆ ಫೋಕಸ್" ಅಂತ ಟಿಪ್ಪಣಿ ಟೈಪ್ ಮಾಡಿದವನು ನಾನೇ. ಏಪ್ರಿಲ್ 14ರ ಫೋಟೋದಲ್ಲಿ ಮಾತ್ರ ನಡುವೆ ಸಾಹೇಬರು, ಹಿಂದಿನ ಸಾಲಿನ ತುದಿಗೆ ನಾವು.

ಮೊನ್ನೆ ಮಗಳ ಡಿಕ್ಷನರಿ ತೆಗೆದು ನೋಡಿದೆ. ಲ್ಯಾಟಿನ್ ಭಾಷೆಯಲ್ಲಿ ಫೋಕಸ್ ಅಂದ್ರೆ ಒಲೆ! 1604ರಲ್ಲಿ ಕೆಪ್ಲರ್ ಎಂಬ ವಿಜ್ಞಾನಿ ಅದನ್ನು ಬೆಳಕಿನ ಶಾಸ್ತ್ರಕ್ಕೆ ತಂದ. ಮಸೂರದ ಕಿರಣಗಳೆಲ್ಲ ಬಂದು ಸೇರುವ ಬಿಂದು ಅದು. ಅಲ್ಲಿ ಕಾಗದ ಹಿಡಿದ್ರೆ ಹತ್ತಿಕೊಳ್ಳುತ್ತದೆ.

ಕೋಗಿಲಬನದ ನಮ್ಮ ಮನೆಯಲ್ಲಿ ಅವ್ವನ ಒಲೆ ಸುತ್ತ ಕೂತಾಗ ನಡುವಿನವರು, ತುದಿಯವರು ಅಂತ ಇರಲಿಲ್ಲ. ಎಲ್ಲರಿಗೂ ಅದೇ ಕಾವು, ಅದೇ ರೊಟ್ಟಿ.

1948ರ ನವೆಂಬರ್ 4ರಂದು ಸಂವಿಧಾನದ ಕರಡು ಮಂಡಿಸುತ್ತಾ ಬಾಬಾಸಾಹೇಬರು, ಅದು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನೇ ಘಟಕ ಮಾಡಿದ್ದಕ್ಕೆ ಸಂತೋಷಪಟ್ಟರು. ಯಾಕಂದ್ರೆ ಹಳ್ಳಿ ಅಂದಾಗ ಊರ ನಡುವೆ ಗುಡಿ, ಹೊರಗೆ ನಮ್ಮ ಕೇರಿ. ವ್ಯಕ್ತಿ ಅಂದಾಗ ಕೇರಿಯವನೂ ನಡುವೆಯೇ.

ಹಂಗಾಗಿ ಯಾರಾದರೂ "ನಿಮ್ಮ ಮೇಲೇ ನಮ್ಮ ಫೋಕಸ್" ಅಂದ್ರೆ ಒಂದು ಮಾತು ಕೇಳ್ರಿ: ದೂರ ನಿಂತು ಟಾರ್ಚ್ ಬಿಡ್ತೀರೋ, ನಮ್ಮ ಒಲೆ ಮುಂದೆ ಕೂತು ಉಣ್ತೀರೋ?