ಆಲ್ಬಮ್ಮಿಗೆ ಬಾರದ ಫೋಟೋ

ಮದುವೆಯ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚಿನ ಅಧಿಕಾರ ಯಾರದೆಂದು ಕೇಳಿದರೆ, ಬೀಗರದೆಂದು ಹಳಬರು ಹೇಳಿಯಾರು. ನನ್ನ ಅನುಭವದಲ್ಲಿ ಅದು ಫೋಟೋದವನದು. ಅವನು ಕೈ ಎತ್ತಿದರೆ ಮಂತ್ರ ನಿಲ್ಲುತ್ತದೆ. ತಾಳಿ ಹಿಡಿದ ವರನ ಕೈ ಹಿಡಿದಲ್ಲಿಯೇ ನಿಲ್ಲುತ್ತದೆ. "ಸ್ವಲ್ಪ ಈ ಕಡೆ ನೋಡ್ರಿ" ಎಂದನೋ, ಸಾಲಾಗಿ ನಿಂತ ಹದಿನೈದು ಮಂದಿ ಉಸಿರು ಬಿಗಿಹಿಡಿದು, ಕೋರ್ಟಿನಲ್ಲಿ ಸಾಕ್ಷಿ ಹೇಳಲು ಬಂದವರಂತೆ ನೋಡುತ್ತಾರೆ.

ನಮ್ಮ ಅಕ್ಕನ ಮದುವೆ 1996ರಲ್ಲಿ ಹಾವೇರಿಯಲ್ಲಿ ನಡೆಯಿತು. ಹಾವೇರಿ ಆಗಿನ್ನೂ ಧಾರವಾಡ ಜಿಲ್ಲೆಯ ಒಂದು ತಾಲೂಕು. ತಾನೇ ಜಿಲ್ಲೆಯಾದದ್ದು ಮರುವರ್ಷ. ಫೋಟೋದವನು ತಂದದ್ದು ಮೂರು ರೀಲು. ರೀಲಿಗೆ 36ರಂತೆ ಒಟ್ಟು 108 ಫೋಟೋ. ನೂರೆಂಟು ಎಂಬುದು ಜಪಕ್ಕೆ ಸಾಕಾದೀತು, ನಮ್ಮ ಬಳಗಕ್ಕೆ ಎಲ್ಲಿ ಸಾಕು? ಆಯೇರಿ ಮಾಡಿದವರೊಬ್ಬರನ್ನೂ ಬಿಡಬಾರದೆಂದು ಅಪ್ಪ ಒಂದು ಯಾದಿಯನ್ನೇ ಬರೆದು ಅವನ ಕೈಗೆ ಕೊಟ್ಟಿದ್ದ. ಆ ಯಾದಿಯಲ್ಲಿ ತನ್ನ ಹೆಸರು ಬರೆದುಕೊಳ್ಳಲು ಮರೆತಿದ್ದ.

ಆ ಆಲ್ಬಮ್ಮು ಇಂದಿಗೂ ಬ್ಯಾಡಗಿಯಲ್ಲಿ ಅಕ್ಕನ ಮನೆಯ ಕಪಾಟಿನಲ್ಲಿದೆ. ನಮ್ಮೂರ ಏಲಕ್ಕಿ ಹಾರ ಹಾಕಿಕೊಂಡ ಬೀಗರು ಅದರಲ್ಲಿದ್ದಾರೆ. ಅಕ್ಕನನ್ನು ಒಪ್ಪಿಸಿಕೊಡುವ ಹೊತ್ತಿನ ಫೋಟೋದಲ್ಲಿ ಅವ್ವ ಇದ್ದಾಳೆ, ಕಾಕಾ ಇದ್ದಾನೆ, ಓಣಿಯ ಮಂದಿಯೆಲ್ಲ ಇದ್ದಾರೆ. ಅಪ್ಪ ಇಲ್ಲ.

"ಎಲ್ಲಾರೂ ಬಂದಿದ್ರು. ಅಪ್ಪ ಒಬ್ಬಾತ ನನ್ನ ಕಳಸಾಕ ಬರಲಿಲ್ಲ" ಎಂದು ಅಕ್ಕ ಆ ಪುಟ ತೆರೆದಾಗಲೆಲ್ಲ ಹೇಳುವಳು. ಅಪ್ಪ ಒಳಗೆ ಅಡಿಗೆಯವರ ಲೆಕ್ಕ ಮಾಡುತ್ತ ಕೂತಿದ್ದನೆಂದು ಅವಳ ತಿಳಿವಳಿಕೆ. ಅಪ್ಪ ತೀರಿಹೋದ ಮೇಲೂ ಆ ಮುನಿಸು ತೀರಲಿಲ್ಲ.

2024ರ ಮಾಘಮಾಸದಲ್ಲಿ ಅಕ್ಕನ ಮಗಳ ಮದುವೆ ಬ್ಯಾಡಗಿಯಲ್ಲಾಯಿತು. ಗಂಡು ರಾಣೆಬೆನ್ನೂರಿನವನು, ಫೋಟೋದವನೂ ಅದೇ ಊರಿನ ತರುಣ. ಅವನ ರೀತಿ ಬೇರೆ. ಹಿರಿಯರ ಮಾತಿಗೆ ಕಟ್ಟುಬಿದ್ದು ವೇದಿಕೆಯ ಸಾಲುಫೋಟೋಗಳನ್ನು ತೆಗೆದ. ಉಳಿದ ಹೊತ್ತೆಲ್ಲ ಯಾರಿಗೂ ಏನನ್ನೂ ಹೇಳದೆ ಬೆಕ್ಕಿನಂತೆ ಓಡಾಡಿದ. ಮೇಷ್ಟರ ಚಟಕ್ಕೆ ನಾನು ಕೇಳಿದೆ: "ಯಾರನ್ನೂ ನಿಲ್ಲಿಸೂದಿಲ್ಲಲ್ಲಪ್ಪಾ?" "ನಿಂತ ಫೋಟೋ ಎಲ್ಲಾರ ಆಧಾರ್ ಕಾರ್ಡಿನಾಗೂ ಐತಲ್ರಿ ಸರ್" ಎಂದ.

ಉತ್ತರ ನನ್ನನ್ನು ಯೋಚನೆಗೆ ಹಚ್ಚಿತು. ಫ್ರಾನ್ಸಿನ ಕಾರ್ಟಿಯೆ ಬ್ರೆಸಾನ್ 1952ರಲ್ಲಿ ತನ್ನ ಚಿತ್ರಗಳ ಪುಸ್ತಕ ಪ್ರಕಟಿಸಿ, ಕ್ಷಣವನ್ನು ಹಿಡಿಯುವುದೇ ಈ ಕಲೆಯ ಜೀವವೆಂದು ಸಾರಿದ. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಸಾಮಾನ್ಯರ ದಿನದಿನದ ಬದುಕನ್ನೇ ತಮ್ಮ ಕ್ಯಾಮೆರಾಕ್ಕೆ ವಸ್ತು ಮಾಡಿಕೊಂಡರು. ಆದರೆ ಇವರಿಗಿಂತ ಎಷ್ಟೋ ಹಿಂದೆ ನಮ್ಮ ದುಷ್ಯಂತನಿಗೇ ಇದು ಹೊಳೆದಿತ್ತಲ್ಲವೆ? ಶಾಕುಂತಲದ ಆರನೆಯ ಅಂಕದಲ್ಲಿ ಅವನು ಶಕುಂತಲೆಯ ಚಿತ್ರ ಬರೆಯುತ್ತಾನೆ. ಮುಖ ಬಂದಿದೆ, ರೂಪ ಬಂದಿದೆ. ತೃಪ್ತಿ ಮಾತ್ರ ಬಂದಿಲ್ಲ. ಮಾಲಿನಿಯ ಮರಳದಂಡೆ ಬರೆಯಬೇಕು, ನಾರುಬಟ್ಟೆ ತೂಗುಹಾಕಿದ ಮರ ಬರೆಯಬೇಕು, ಅದರಡಿಯಲ್ಲಿ ಗಂಡುಜಿಂಕೆಯ ಕೊಂಬಿಗೆ ಕಣ್ಣು ತೀಡುವ ಹೆಣ್ಣುಜಿಂಕೆಯನ್ನು ಬರೆಯಬೇಕು ಎನ್ನುತ್ತಾನೆ. ಯಾರೂ ನೋಡುತ್ತಿಲ್ಲವೆಂದು ನಂಬಿದ ಜೀವವೇ ಹಾಗೆ ಕಣ್ಣು ತೀಡೀತು.

ಮಗಳನ್ನು ಒಪ್ಪಿಸಿಕೊಡುವ ಹೊತ್ತಾಯಿತು. ಕಾರಿನ ಸುತ್ತ ಮೊಬೈಲು ಎತ್ತಿದ ಕೈಗಳ ಕಾಡು. ಫೋಟೋದವನು ಒಂದಷ್ಟು ತೆಗೆದವನೇ ಎಲ್ಲಿಯೋ ಮಾಯವಾದ.

ಹದಿನೈದು ದಿನ ಬಿಟ್ಟು ಅವನು ಅಕ್ಕನ ಮನೆಗೆ ಬಂದು ಚಿತ್ರಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ತೋರಿಸಿದ. ಮೂರು ಸಾವಿರಕ್ಕೆ ಮೇಲಿದ್ದವು. ಅವುಗಳಲ್ಲೊಂದು ಉಗ್ರಾಣದ್ದು. ಅಕ್ಕಿ ಚೀಲಗಳ ನಡುವೆ ನಮ್ಮ ಭಾವ ಗೋಡೆಗೆ ಮುಖಮಾಡಿ ನಿಂತಿದ್ದಾರೆ. ಒಂದು ಕೈಯಲ್ಲಿ ಬೀಗದ ಕೈ ಗೊಂಚಲು. ಇನ್ನೊಂದು ಕೈಯಿಂದ ಟವೆಲ್ಲನ್ನು ಬಾಯಿಗೊತ್ತಿಕೊಂಡಿದ್ದಾರೆ.

"ಮೆಣಸಿನಕಾಯಿ ಘಾಟದು. ಸುಗ್ಗಿ ದಿನ ನೋಡು" ಎಂದರು ಭಾವ.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದಕ್ಕೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದೂ ಹೆಸರು ಬಂದದ್ದೂ ಆ ಗುಣದಿಂದಲೇ. ಮೂವತ್ತು ವರ್ಷ ಅದರ ವ್ಯಾಪಾರ ಮಾಡಿದವರ ಬಾಯಲ್ಲಿ ಈ ಮಾತು! ಯಾರೂ ನಗಲಿಲ್ಲ.

ಅಕ್ಕ ಬಹಳ ಹೊತ್ತು ಆ ಚಿತ್ರ ನೋಡಿದಳು. ಆಮೇಲೆ ನನ್ನತ್ತ ತಿರುಗಿ, "ತಮ್ಮಾ, ಅವತ್ತ ಅಪ್ಪ ಎಲ್ಲಿದ್ದ?" ಎಂದಳು.

ನನಗೆ ಗೊತ್ತಿತ್ತು. ಅವಳ ಉಡಿ ತುಂಬಲು ಒಂದು ಕಾಯಿ ಕಡಿಮೆ ಬಿತ್ತೆಂದು ಅವ್ವ ನನ್ನನ್ನು ಉಗ್ರಾಣಕ್ಕೆ ಓಡಿಸಿದ್ದಳು. ಅಪ್ಪ ಹೀಗೆಯೇ ನಿಂತಿದ್ದ. ತಿರುಗದೆಯೇ ಕೈ ಹಿಂದೆ ಚಾಚಿ ಕಾಯಿ ಕೊಟ್ಟು, "ಅಕ್ಕಗ ಹೇಳಬ್ಯಾಡ" ಎಂದಿದ್ದ. ನನಗಾಗ ಹದಿನೆಂಟು ವರ್ಷ. ಕೊಟ್ಟ ಮಾತು ಉಳಿಸಿಕೊಳ್ಳುವುದೇ ದೊಡ್ಡದೆಂದು 28 ವರ್ಷ ಸುಮ್ಮನಿದ್ದೆ. ಅಷ್ಟೂ ವರ್ಷ ಅವಳು ನೊಂದದ್ದು ನನ್ನ ಲೆಕ್ಕಕ್ಕೆ ಬರಲಿಲ್ಲ.

ಈಗ ಹೇಳಿದೆ. ಅಕ್ಕ ಸೆರಗಿನಿಂದ ಕಣ್ಣೊರಸಿಕೊಂಡು ಚಹಾ ಮಾಡಲು ಒಳಗೆ ಹೋದಳು.

"ಇದನ್ನ ಆಲ್ಬಮ್ಮಿಗೆ ಹಾಕಲೇನ್ರಿ?" ಎಂದು ತರುಣ ಕೇಳಿದ. "ಬ್ಯಾಡ" ಎಂದರು ಭಾವ. ಅವನು ಎರಡನೆಯ ಮಾತಾಡದೆ ಅದನ್ನು ಬದಿಗಿಟ್ಟ. ಫೋಟೋಕ್ಕಿಂತಲೂ ಅವನ ಈ ನಡತೆ ನನಗೆ ಹೆಚ್ಚು ಹಿಡಿಸಿತು. ಕದ್ದು ಅಳುವವರನ್ನು ಕಾಣುವ ಕಣ್ಣಿದ್ದರೆ ಸಾಲದು. ಕಂಡದ್ದನ್ನು ಊರಿಗೆಲ್ಲ ತೋರದಿರುವ ಮನಸ್ಸೂ ಬೇಕು.

ಅಕ್ಕ ಮಾತ್ರ ಗುಟ್ಟಾಗಿ ಅದರ ಒಂದು ಪ್ರತಿ ತೆಗೆಸಿ, ರಾಣೆಬೆನ್ನೂರಿಗೆ ಹೋದಾಗ ಮಗಳ ಕೈಗೆ ಕೊಟ್ಟು ಬಂದಿದ್ದಾಳೆ. ಭಾವನವರಿಗೆ ಇದಿನ್ನೂ ತಿಳಿಯದು. ಪತ್ರಿಕೆಯಲ್ಲಿ ಅವರು ಪೇಟೆ ಧಾರಣೆಯನ್ನಲ್ಲದೆ ಬೇರೇನನ್ನೂ ಓದುವವರಲ್ಲವೆಂಬ ಧೈರ್ಯದಿಂದ ನಾನಿದನ್ನು ಬರೆದಿದ್ದೇನೆ.